ಮೂರನೇ ಪ್ಲೇಟು

ಅತ್ತೆಯ ಕಾಲು ಕೆಂಪಾಗುವುದಕ್ಕೆ ಮೊದಲು ಅವಳ ಮಾತು ನಿಲ್ಲುತ್ತಿತ್ತು. ರಾಗಿ ಕೇರುತ್ತಲೋ ಅವರೆಕಾಯಿ ಸುಲಿಯುತ್ತಲೋ ಊರ ಸುದ್ದಿಯೆಲ್ಲ ಹೇಳುತ್ತಿದ್ದವಳು ನಡುವೆ ಎಲ್ಲೋ ತಟ್ಟನೆ ಸುಮ್ಮನಾಗುವಳು. ಅವ್ವ ತಲೆಯೆತ್ತಿ ಅವಳ ಮುಖ ನೋಡಿ, "ಹೋಗವ್ವ, ನೀರಿಗೆ ಹೋಗು" ಅನ್ನುವಳು. ಅತ್ತೆ ಎದ್ದು ಕೊಟ್ಟಿಗೆಗೆ ಹೋಗಿ, ದನ ನೀರು ಕುಡಿಯುವ ಕಲ್ಲುಬಾನಿಯ ಅಂಚಿನ ಮೇಲೆ ಕೂತು, ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು ಎರಡೂ ಕಾಲು ಇಳಿಬಿಡುವಳು. ಆಮೇಲೆ ಕಣ್ಣು ಮುಚ್ಚಿಕೊಂಡು ಕೂತರೆ ಕೂತಳು. ದನಗಳು ಪಕ್ಕದಲ್ಲೇ ಮೂತಿಯಿಟ್ಟು ಕುಡಿದು ಹೋಗುತ್ತಿದ್ದವು.

ಹತ್ತಿರ ಹೋದರೆ ಬೈಯುತ್ತಿರಲಿಲ್ಲ. ಒಮ್ಮೆ ನಾನು ಅವಳ ಪಾದದ ಮೇಲೆ ಕೈಯಿಟ್ಟು ನೋಡಿದ್ದೆ. ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆಯಷ್ಟು ಕಾವು. ಹಣ್ಣು ಮೆಣಸಿನಕಾಯಿಯ ಹಾಗೆ ಕೆಂಪು, ಊದಿಕೊಂಡು ಚರ್ಮ ಮಿರಿಮಿರಿ ಅನ್ನುತ್ತಿತ್ತು.

"ಬೆಂಕಿ ಒಳಗೈತಾ ಅತ್ತೆ?" ಅಂತ ಕೇಳಿದೆ.

"ಒಳಗೇ ಐತೆ ಕಣ್ ಮಗಾ. ಹೊರಗಿದ್ದಿದ್ರೆ ಆರಿಸ್ಬೋದಿತ್ತು" ಅಂದಳು.

ಅತ್ತೆ ಅಪ್ಪನ ತಂಗಿ. ನಂದಗುಡಿ ಕಡೆಗೆ ಕೊಟ್ಟಿದ್ದರು. ಮದುವೆಯಾದ ಮೊದಲ ಬೇಸಿಗೆಯಲ್ಲೇ ಉರಿ ಶುರುವಾಯಿತಂತೆ. ಒಲೆ ಮುಂದೆ ನಿಲ್ಲಲಾಗದು, ಬಿಸಿಲಲ್ಲಿ ಹೊಲಕ್ಕೆ ಹೋಗಲಾಗದು, ಚಳಿಗಾಲದಲ್ಲೂ ಕಾಲಿನ ಮೇಲೆ ಕಂಬಳಿ ತಾಕಬಾರದು. ಗಂಡನ ಮನೆಯವರು ಮೊದಲು ಮೈಗಳ್ಳಿ ಅಂದರು, ಆಮೇಲೆ ದೋಷ ಅಂದರು. ಒಂದು ದಿನ ಅವಳ ಗಂಡನೂ ಮಾವನೂ ಬಸ್ಸಿನಲ್ಲಿ ಕರೆದುಕೊಂಡು ಬಂದು ನಮ್ಮೂರಲ್ಲಿ ಬಿಟ್ಟು, ನೀರೂ ಕುಡಿಯದೆ ಹೋದರಂತೆ. ನಮ್ಮೂರು ಇರುವುದು ದೊಡ್ಡಬೆಳವಂಗಲದಿಂದ ಒಳಗೆ. ಆಗ ಊರೊಳಗೆ ಬಸ್ಸು ಬರುತ್ತಿರಲಿಲ್ಲ. ಕ್ರಾಸಿನಿಂದ ಮನೆಯವರೆಗೆ ಬಿಸಿಲಲ್ಲಿ ಅವಳನ್ನು ನಡೆಸಿಕೊಂಡೇ ಬಂದಿದ್ದರು.

ದೋಷ ಯಾವುದು ಅಂತ ಹುಡುಕುವುದು ನಮ್ಮವರಿಗೆ ಕಷ್ಟವಾಗಲಿಲ್ಲ. ಹುಡುಗಿಯಾಗಿದ್ದಾಗ ಅತ್ತೆ ಹಿತ್ತಲಿನ ಹುತ್ತದ ಮೇಲೆ ಬಸಿದ ಬಿಸಿ ಗಂಜಿ ಚೆಲ್ಲಿದ್ದಳು. ಬೇಕಂತಲ್ಲ, ಕತ್ತಲಲ್ಲಿ ಕಾಣದೆ. ಅಜ್ಜಿ ಅದನ್ನು ನೋಡಿದ್ದಳು. ನಾಗಪ್ಪನ ಮೈ ಸುಟ್ಟವಳು ಕಾಲು ಸುಟ್ಟುಕೊಂಡಳು ಅಂತ ಊರಿಗೆ ಊರೇ ಒಪ್ಪಿಕೊಂಡಿತು. ಅತ್ತೆಯೂ ಒಪ್ಪಿಕೊಂಡಳು. ಷಷ್ಠಿ ಉಪವಾಸ, ಹುತ್ತಕ್ಕೆ ತನಿ ಎರೆಯುವುದು, ಘಾಟಿ ದೇವಸ್ಥಾನಕ್ಕೆ ಹೋಗಿ ನಾಗರಕಲ್ಲಿಗೆ ಸುತ್ತು ಬರುವುದು, ಯಾವುದನ್ನೂ ಬಿಡಲಿಲ್ಲ. ಲೋಳೆಸರ, ಗೋರಂಟಿ, ಬೆಣ್ಣೆ ಹಚ್ಚಿದ್ದೂ ಆಯಿತು. ಉರಿ ಮಾತ್ರ ತನಗೆ ಬೇಕಾದಾಗ ಬರುತ್ತಿತ್ತು, ಬೇಕಾದಾಗ ಹೋಗುತ್ತಿತ್ತು.

ನಾನು ಓದಿದ್ದು ಜೀವಶಾಸ್ತ್ರ. ಮದುವೆಯಾಗಿ ದೊಡ್ಡಬಳ್ಳಾಪುರ ಪೇಟೆಯಲ್ಲಿ ಸಂಸಾರ ಹೂಡಿದ ಮೇಲೆ ದೇವನಹಳ್ಳಿ ಕಡೆ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ವಿಮಾನಗಳು ತಲೆ ಮೇಲೇ ಇಳಿಯುತ್ತವೆಯೋ ಅನ್ನುವಷ್ಟು ಕೆಳಗೆ ಬರುವ ಜಾಗ. ಅಲ್ಲಿ ನಾವು ಮನುಷ್ಯರ ನರಕೋಶಗಳನ್ನು ಬೆಳೆಸಿ ನೋವನ್ನು ಅಭ್ಯಾಸ ಮಾಡುತ್ತೇವೆ. ಇಲಿಯ ನೋವು ಇಳಿಸಿದ ಔಷಧಿ ಮನುಷ್ಯರ ಹತ್ತಿರ ಬಂದಾಗ ಎಷ್ಟೋ ಸಲ ಕೈಕೊಡುತ್ತದೆ. ಅದಕ್ಕೇ ಮನುಷ್ಯರ ನರವೇ ಬೇಕು. ಬದುಕಿರುವವರ ನರವನ್ನು ಕಿತ್ತು ತರಲಾಗುವುದಿಲ್ಲವಲ್ಲ, ಆದ್ದರಿಂದ ಒಂದಿಷ್ಟು ರಕ್ತ ತೆಗೆದುಕೊಂಡು, ಅದರೊಳಗಿನ ಕೋಶಗಳು ತಾವು ರಕ್ತದವು ಅನ್ನುವುದನ್ನೇ ಮರೆಯುವಂತೆ ಮಾಡಿ, ಬಸಿರಿನ ಮೊದಲ ದಿನಗಳ ಕೋಶದಂಥ ಸ್ಥಿತಿಗೆ ವಾಪಸ್ ಕಳಿಸುತ್ತೇವೆ. ಅಲ್ಲಿಂದ ಮತ್ತೆ ನಿಧಾನಕ್ಕೆ ನೋವು ತಿಳಿಯುವ ನರವಾಗಿ ಬೆಳೆಸುತ್ತೇವೆ. ತಿಂಗಳುಗಟ್ಟಲೆ ಹಿಡಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ದುಂಡಗಿನ ಕೋಶಗಳಿಂದ ಬಿಳಿ ಎಳೆಗಳು ಹೊರಟು ಒಂದನ್ನೊಂದು ಹುಡುಕಿಕೊಂಡು ಹೋಗಿರುತ್ತವೆ.

ನರ ತಯಾರಾದ ಮೇಲೆ ಅದನ್ನು ಅಂಗೈಯಗಲದ ಒಂದು ಪ್ಲೇಟಿನಲ್ಲಿಡುತ್ತೇವೆ. ಪ್ಲೇಟಿನ ತಳದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತಂತಿಗಳಿರುತ್ತವೆ. ನರ ಮಿಡಿದರೆ ತಂತಿಗೆ ತಿಳಿಯುತ್ತದೆ, ಪರದೆಯ ಮೇಲೆ ಗೆರೆ ಏಳುತ್ತದೆ. ಅದನ್ನು ಸ್ಪೀಕರಿಗೆ ಹಾಕಿ ಕೇಳಲೂಬಹುದು. ಪರದೆಗಿಂತ ಕಿವಿಯೇ ವಾಸಿ ಅನ್ನುತ್ತಿದ್ದರು ನಮ್ಮ ಲ್ಯಾಬಿನ ಮುಖ್ಯಸ್ಥೆ. ಅವರನ್ನು ನಾವೆಲ್ಲ ಮೇಡಂ ಅನ್ನುತ್ತೇವೆ. ಸರಿಯಾಗಿರುವ ನೋವಿನ ನರ ಬಹುತೇಕ ಸುಮ್ಮನಿರುತ್ತದೆ. ಎಲ್ಲೋ ಒಂದು ಟಕ್, ಅಷ್ಟೇ. ಕೆಟ್ಟ ನರ ಸಾಸಿವೆ ಸಿಡಿದ ಹಾಗೆ ಸಿಡಿಯುತ್ತದೆ.

ಸೇರಿದ ಹೊಸದರಲ್ಲಿ ಮೇಡಂ ಒಂದು ಮಧ್ಯಾಹ್ನ ನಮಗೆಲ್ಲ ಪಾಠ ಮಾಡಿದರು. ಕೆಲವು ಮನೆತನಗಳಲ್ಲಿ ಬರುವ ಅಪರೂಪದ ಕಾಯಿಲೆ. ಬೆಚ್ಚಗಾದರೆ ಸಾಕು, ಪಾದ ಕೆಂಪಾಗಿ ಉರಿಯುತ್ತದೆ. ಅಂಥವರು ಹಗಲೆಲ್ಲ ಕಾಲನ್ನು ನೀರಿನಲ್ಲಿಟ್ಟುಕೊಂಡು ಕೂರುತ್ತಾರೆ. ಹೀಗಂದು ಒಂದು ಪಾದದ ಚಿತ್ರ ತೋರಿಸಿದರು. ಯಾವುದೋ ದೇಶದ, ಯಾರದ್ದೋ ಕಾಲು. ನನಗೆ ಮಾತ್ರ ನಮ್ಮ ಕೊಟ್ಟಿಗೆಯ ಸಗಣಿ ವಾಸನೆ ಬಂತು.

ಪಾಠ ಮುಗಿದ ಮೇಲೆ ಮೇಡಂ ಹತ್ತಿರ ಹೋಗಿ, "ನಮ್ಮ ಮನೇಲಿ ಇದು ಇದೆ" ಅಂದೆ.

ಅತ್ತೆಯನ್ನು ಬೆಂಗಳೂರಿನ ಆಸ್ಪತ್ರೆಯೊಂದರ ನರರೋಗದ ಡಾಕ್ಟರಿಗೆ ತೋರಿಸಿದೆವು. ಅವರು ಕಾಲು ನೋಡುತ್ತಲೇ ಕಾಯಿಲೆಯ ಹೆಸರು ಹೇಳಿದರು. ಇಷ್ಟು ವರ್ಷಗಳಲ್ಲಿ ಅದಕ್ಕೊಂದು ಹೆಸರು ಹೇಳಿದ ಮೊದಲ ಮನುಷ್ಯ ಅವರು. ಅತ್ತೆಗೆ ಆ ಹೆಸರು ಬಾಯಿಗೆ ಬರಲಿಲ್ಲ, ಹೆಸರಿದೆ ಅನ್ನುವುದೇ ಅವಳಿಗೆ ಸಾಕಾಗಿತ್ತು. ಈ ಕಾಯಿಲೆಯವರಲ್ಲಿ ಸಾಮಾನ್ಯವಾಗಿ ಕೆಟ್ಟಿರುವ ಜೀನನ್ನು ಪರೀಕ್ಷೆ ಮಾಡಿಸಿದರು. ಅತ್ತೆಯಲ್ಲಿ ಅದು ಸರಿಯಾಗೇ ಇತ್ತು. ಅಂದರೆ ತಪ್ಪು ಬೇರೆಲ್ಲೋ ಇದೆ, ಎಲ್ಲಿ ಅಂತ ಗೊತ್ತಿಲ್ಲ. ಹಾಗಿದ್ದರೆ ಅವರ ನರವನ್ನೇ ಬೆಳೆಸಿ ನೋಡೋಣ ಅಂದರು ಮೇಡಂ.

ರಕ್ತ ಕೊಡಲು ಬಂದ ದಿನ ಅತ್ತೆ ಒಳ್ಳೆಯ ಸೀರೆ ಉಟ್ಟಿದ್ದಳು. ಎಲ್ಲ ವಿವರಿಸಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು.

"ನನ್ನ ನರ ಅಲ್ಲಿ ಬೆಳೀತದೆ ಅಂದ್ಯಲ್ಲ. ಅದಕ್ಕೂ ಉರೀತದಾ?"

"ಇಲ್ಲ ಅತ್ತೆ. ಉರಿ ತಿಳಿಯೋಕೆ ಮಿದುಳು ಬೇಕು. ಅಲ್ಲಿ ಬರೀ ನರ ಇರುತ್ತೆ."

"ನೀನು ಓದಿರೋಳು, ನೀನ್ ಹೇಳಿದ್ ಮೇಲೆ ಸರಿ. ಆದ್ರೂ ಅದನ್ನ ಬಾಳ ಕಾಯಿಸ್ಬೇಡ" ಅಂದು ತೋಳು ಚಾಚಿದಳು.

ಹೋಲಿಸಿ ನೋಡಲು ಅದೇ ಮನೆಯ, ಉರಿಯಿಲ್ಲದ ಒಬ್ಬರ ನರವೂ ಬೇಕಿತ್ತು. ಒಡಹುಟ್ಟಿದವರಾದರೆ ಒಳ್ಳೆಯದು ಅಂದರು. ಆ ಭಾನುವಾರ ಅಪ್ಪನನ್ನು ಕೇಳಿದೆ. ಅಪ್ಪ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ.

"ನಂದ್ಯಾಕೆ? ನನಗೇನಾಗೈತೆ?"

"ಏನೂ ಆಗಿಲ್ಲ ಅಂತಲೇ ಕೇಳ್ತಿರೋದು ಅಪ್ಪ. ಆರೋಗ್ಯವಾಗಿರೋರು ಬೇಕು."

"ಸೂಜಿಗೀಜಿ ನನಗಾಗಲ್ಲ" ಅಂದ. ವರ್ಷಕ್ಕೊಮ್ಮೆ ಊರಲ್ಲಿ ರಕ್ತದಾನ ಶಿಬಿರ ನಡೆದರೆ ಎಲ್ಲರಿಗಿಂತ ಮುಂದೆ ಹೋಗಿ ಮಲಗುವವನು. ನಾನು ಅದನ್ನು ಹೇಳುವಷ್ಟರಲ್ಲಿ ಲೋಟ ಕೆಳಗಿಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು ತೋಟದ ಕಡೆ ಹೊರಟುಹೋದ. ಕಾಫಿ ಅರ್ಧ ಹಾಗೇ ಇತ್ತು.

ಅಪ್ಪ ಒಲ್ಲೆ ಅಂದ ಮೇಲೆ ಉಳಿದವಳು ನಾನು. ನನಗೆ ಒಡಹುಟ್ಟಿದವರಿಲ್ಲ. ನನ್ನ ಕಾಲು ಎಂದೂ ಉರಿದಿರಲಿಲ್ಲ. ಕೆಲಸ ಮಾಡುವವರೇ ರಕ್ತ ಕೊಡುವುದು ಮೇಡಂಗೆ ಅಷ್ಟಾಗಿ ಇಷ್ಟವಿರಲಿಲ್ಲ. ಯಾವುದು ಯಾರ ನರ ಅಂತ ನನಗೆ ತಿಳಿಯಕೂಡದು ಅನ್ನುವ ಕಟ್ಟುಪಾಡಿನ ಮೇಲೆ ಒಪ್ಪಿದರು. ಮೂರು ಜನರ ರಕ್ತ ತೆಗೆದುಕೊಂಡೆವು: ಅತ್ತೆಯದು, ನನ್ನದು, ನಮ್ಮ ಮನೆಗೆ ಸಂಬಂಧವೇ ಇಲ್ಲದ ಒಬ್ಬರದು. ಮೇಡಂ ಅವಕ್ಕೆ ಗುರುತಿನ ಅಂಕಿ ಹಾಕಿದರು. ಅದರ ಗುಟ್ಟು ಅವರೊಬ್ಬರಿಗೇ ಗೊತ್ತು.

ಬೇಸಿಗೆಯಲ್ಲಿ ತೆಗೆದ ರಕ್ತ ನರವಾಗುವ ಹೊತ್ತಿಗೆ ಮಾರ್ಕೆಟ್ಟಿಗೆ ಚಳಿಗಾಲದ ಸೊಗಡವರೆ ಬಂದಿತ್ತು. ಅಷ್ಟು ದಿನವೂ ಅವಕ್ಕೆ ಆಹಾರದ ದ್ರವ ಬದಲಿಸಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದವಳು ನಾನೇ. ಹಸುಗೂಸಿನ ಬಾಣಂತನದ ಹಾಗೆ. ರಜೆ ದಿನವೂ ಬಂದು ನೋಡಿ ಹೋಗಬೇಕು, ಒಂದು ಹೊತ್ತು ತಪ್ಪಿದರೆ ಬಾಡುತ್ತವೆ. ಮೂರೂ ಒಂದೇ ಥರ ಕಾಣುತ್ತಿದ್ದವು. ಯಾವುದು ಅತ್ತೆಯದಿರಬಹುದು ಅಂತ ಊಹೆ ಮಾಡದಿರಲು ಪ್ರಯತ್ನ ಪಡುತ್ತಿದ್ದೆ, ಆಗುತ್ತಿರಲಿಲ್ಲ.

ಕಾಯಿಸಿ ನೋಡುವ ದಿನ ಬಂತು. ಬೆಳಿಗ್ಗೆ ಬಿಸಿಲಿತ್ತು, ಕಿಟಕಿಯಾಚೆ ಗಿಡಕ್ಕೆ ನೀರು ಹಾಕುತ್ತಿದ್ದರು. ಮೇಡಂ ನನ್ನ ಹಿಂದೆ ನಿಂತಿದ್ದರು. ಮೊದಲನೇ ಪ್ಲೇಟನ್ನು ಇಟ್ಟು, ತಳದ ಬಿಸಿಯನ್ನು ನಿಧಾನಕ್ಕೆ ಏರಿಸಿದೆ. ಚರ್ಮದ ತಂಪಿನಿಂದ ಮೈ ಬಿಸಿಗೆ, ಅಲ್ಲಿಂದ ಜ್ವರದ ಬಿಸಿಗೆ. ಎಲ್ಲೋ ಒಂದು ಟಕ್, ಆಮೇಲೆ ಇನ್ನೊಂದು. ಅದು ಸುಮ್ಮನೆ ಇತ್ತು.

ಎರಡನೇ ಪ್ಲೇಟು. ಮೈ ಬಿಸಿಗೆ ಬರುವ ಮೊದಲೇ ಚಟಪಟ ಶುರುವಾಯಿತು. ಬಿಸಿ ಏರಿದಂತೆ ಅದೂ ಏರಿತು. ಕೊನೆಕೊನೆಗೆ ಬಿಡಿ ಸದ್ದು ಹೋಗಿ, ತಗಡಿನ ಮೇಲೆ ಜಡಿಮಳೆ ಬಿದ್ದ ಹಾಗೆ ಒಂದೇ ಭೋರು. ನನ್ನ ಕಣ್ಣಲ್ಲಿ ನೀರು ಬಂತು. ಅತ್ತೆ ಹೇಳಲಾಗದೆ ಸುಮ್ಮನಾಗುತ್ತಿದ್ದಳಲ್ಲ, ಆ ಸುಮ್ಮನಿದ್ದುದರೊಳಗೆ ಇದ್ದದ್ದು ಇದು. ಬಿಸಿ ಇಳಿಸಿದೆ. ಸದ್ದು ಕೂಡಲೇ ನಿಲ್ಲಲಿಲ್ಲ, ಒಲ್ಲದ ಮನಸ್ಸಿನಿಂದ ಕಡಿಮೆಯಾಯಿತು.

ಮೂರನೇ ಪ್ಲೇಟನ್ನು ನಿರಾಳವಾಗಿ ಇಟ್ಟೆ. ಇನ್ನೇನಿದ್ದರೂ ಇದು ಸುಮ್ಮನಿರುವ ಪ್ಲೇಟು. ಬಿಸಿ ಏರಿಸಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಮೂಲೆಯಿಂದ ಚಟ್ ಅಂತು. ಇನ್ನೊಂದು ಮೂಲೆ ಅದಕ್ಕೆ ಓಗೊಟ್ಟಿತು. ನೋಡನೋಡುತ್ತ ಪರದೆ ತುಂಬ ಗೆರೆಗಳೆದ್ದವು.

"ಹೀಟರ್ ಏನೋ ತೊಂದರೆ ಮೇಡಂ" ಅಂದೆ.

ಹಿಂದಿರುಗಿ ನೋಡಿದೆ. ಅವರು ಪರದೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಅದು ಯಾರ ಪ್ಲೇಟು ಅಂತ ನನಗೆ ಆಗಲೇ ತಿಳಿಯಿತು.

ಆದರೂ ಹೀಟರ್ ಬದಲಿಸಿದೆವು. ಹೊಸದಾಗಿ ಕೋಶ ಬೆಳೆಸಿ ಮತ್ತೆ ನೋಡಿದೆವು. ಬೇರೆಯವರ ಕೈಯಲ್ಲೂ ಮಾಡಿಸಿದೆವು. ಪ್ರತಿ ಸಲವೂ ಮೊದಲನೆಯದು ಸುಮ್ಮನೆ, ಎರಡನೆಯದೂ ಮೂರನೆಯದೂ ಬೆಂಕಿ. ಕೊನೆಗೆ ಮೇಡಂ ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು.

"ನಿಮಗೆ ಹೇಳಲೇಬೇಕು ಅಂತೇನಿಲ್ಲ. ಬೇಡ ಅಂದ್ರೆ ಹೇಳಲ್ಲ."

"ನೀವು ಹೇಳ್ದೇ ಹೋದ್ರೂ ನನಗೆ ಗೊತ್ತಾಯ್ತಲ್ಲ ಮೇಡಂ. ಇದರರ್ಥ ಏನು?"

"ನಿಜ ಹೇಳ್ಲಾ? ಗೊತ್ತಿಲ್ಲ. ಪ್ಲೇಟಿನಲ್ಲಿ ಸಿಡಿಯುವ ನರ ಮೈಯಲ್ಲೂ ಉರಿಯಲೇಬೇಕು ಅಂತಿಲ್ಲ. ನಾಳೆ ಶುರುವಾಗಬಹುದು, ಎಂದೂ ಆಗದೇನೂ ಇರಬಹುದು."

ಎಂದೂ ಆಗದೇನೂ ಇರಬಹುದು ಅನ್ನುವುದನ್ನು ಅವರು ಮೆಲ್ಲಗೆ ಹೇಳಿದರು.

ಆ ವಾರವೆಲ್ಲ ನಾನು ಅದೇ ಪ್ಲೇಟಿಗೆ ಆಹಾರ ಹಾಕಿದೆ. ಪೆಟ್ಟಿಗೆಯ ಬಾಗಿಲು ತೆರೆದಾಗ ಬೆಚ್ಚಗಿನ ಗಾಳಿ ಮುಖಕ್ಕೆ ಬಡಿಯುತ್ತದೆ. ಒಳಗೆ ನನ್ನ ನರ ನನ್ನನ್ನು ಬಿಟ್ಟು, ನನಗಿಂತ ಮುಂಚೆ, ಏನನ್ನೋ ಅನುಭವಿಸುತ್ತಿದೆ ಅನಿಸುತ್ತಿತ್ತು. ಹಾಗಲ್ಲ, ಅಲ್ಲಿ ಅನುಭವಿಸುವವರು ಯಾರೂ ಇಲ್ಲ ಅಂತ ಅತ್ತೆಗೆ ಹೇಳಿದವಳು ನಾನೇ. ನನಗೆ ನಾನು ಅದನ್ನೇ ಹೇಳಿಕೊಂಡು ಬಾಗಿಲು ಮುಚ್ಚುತ್ತಿದ್ದೆ.

ನನಗೆ ಬಂದಿರಬೇಕಾದರೆ ಅಪ್ಪನ ಮೂಲಕವೇ ಬಂದಿರಬೇಕು. ಊರಿಗೆ ಹೋದೆ. ಅಪ್ಪ ದ್ರಾಕ್ಷಿ ಚಪ್ಪರದ ಕೆಳಗೆ ಕತ್ತರಿ ಹಿಡಿದು ಬಳ್ಳಿ ಸವರುತ್ತಿದ್ದ. ಹಿಂದೆ ಕಾಲುವೆಯಲ್ಲಿ ನೀರು ಬಿಡುತ್ತಿದ್ದ ತೋಟ. ಡ್ರಿಪ್ ಪೈಪು ಹಾಕಿಸಿ ವರ್ಷಗಳಾದರೂ ಅಪ್ಪ ಒಂದು ಪೈಪನ್ನು ಬಿಚ್ಚಿ ಕಾಲಡಿಗೆ ಬಿಟ್ಟುಕೊಂಡೇ ಕೆಲಸ ಮಾಡುವುದು. ಅವನ ಪಾದ ಕೆಸರಿನಲ್ಲಿ ಹೂತಿತ್ತು. ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದ ಪಾದ. ಅವತ್ತು ಅದನ್ನೇ ನೋಡುತ್ತ ನಿಂತೆ.

"ಅಪ್ಪಾ, ನಿನ್ನ ಕಾಲು ಉರೀತದಾ?"

ಕತ್ತರಿ ನಿಲ್ಲಲಿಲ್ಲ. ಇನ್ನೂ ನಾಲ್ಕಾರು ಚಿಗುರು ಬಿದ್ದ ಮೇಲೆ, "ಯಾರ್ ಹೇಳಿದ್ರು?" ಅಂದ.

"ನನ್ನ ರಕ್ತದಲ್ಲಿ ಐತೆ. ಅವ್ವನ ಕಡೆ ಯಾರಿಗೂ ಇಲ್ಲ."

ಅಪ್ಪ ಕತ್ತರಿಯನ್ನು ಕಲ್ಲುಕಂಬದ ಬುಡದಲ್ಲಿ ಇಟ್ಟ. ಆಮೇಲೆ, "ಮಗಿಗೆ?" ಅಂತ ಕೇಳಿದ. ನನ್ನ ಮಗಳನ್ನು ಕುರಿತು. ಅವಳು ಆಗಿನ್ನೂ ಶಾಲೆಗೆ ಸೇರಿದ್ದಳಷ್ಟೆ.

"ಗೊತ್ತಿಲ್ಲ ಅಪ್ಪ."

ಬದುವಿನ ಮೇಲೆ ಕೂತು ಹೇಳಿದ. ಮೀಸೆ ಮೂಡುವ ವಯಸ್ಸಿನಲ್ಲಿ, ಕಣದಲ್ಲಿ ರಾಗಿ ತುಳಿಸುವಾಗ ಶುರುವಾಯಿತಂತೆ. ತಂಗಿಯಷ್ಟು ಜೋರಲ್ಲ, ತಡೆದುಕೊಳ್ಳುವಷ್ಟು. ನೀರಲ್ಲಿ ನಿಂತು ಮಾಡುವ ಕೆಲಸವನ್ನೆಲ್ಲ ತಾನೇ ವಹಿಸಿಕೊಂಡ. ಮುಂಜಾನೆ ಯಾರೂ ಏಳುವ ಮೊದಲು ಗದ್ದೆಗಿಳಿಯುವ ಗಂಡು ಅಂತ ಊರೆಲ್ಲ ಹೊಗಳಿತು.

"ಅತ್ತೆ ಹುತ್ತಕ್ಕೆ ಗಂಜಿ ಚೆಲ್ಲಿದ್ದು ಆಮೇಲಾ, ಮುಂಚೇನಾ?" ಅಂದೆ.

"ಆಮೇಲೆ. ನನಗೆ ಆಗ್ಲೇ ಒಂದು ವರ್ಷದಿಂದ ಉರೀತಿತ್ತು."

"ಹಂಗಾದ್ರೆ ನಿನಗೆ ಗೊತ್ತಿತ್ತು, ದೋಷ ಅಲ್ಲ ಅಂತ."

"ಗೊತ್ತಿತ್ತು" ಅಂದ ಅಪ್ಪ. "ಅವಳನ್ನ ತಂದು ಬಿಟ್ಟೋದಾಗ ನನಗೆ ಹೆಣ್ಣು ನೋಡ್ತಿದ್ರು ಮಗಾ. ಒಂದೇ ಮನೇಲಿ ಇಬ್ರಿಗೆ ಅಂದ್ರೆ ಯಾರು ಕೊಡ್ತಿದ್ರು? ಮದುವೆ ಆದ್ಮೇಲೆ ಹೇಳನ ಅಂದ್ಕೊಂಡೆ. ನೀನು ಹುಟ್ಟಿದೆ. ಹೆಣ್ಣು ಮಗ. ನಿನ್ನ ಮದುವೆ ಆಗ್ಲಿ ಅಂದ್ಕೊಂಡೆ. ಹಿಂಗೇ ಮುಂದಕ್ಕೆ ಹೋಯ್ತು."

"ಅವ್ವಂಗೆ?"

"ಅವಳಿಗೂ ಗೊತ್ತಿಲ್ಲ."

ಅತ್ತೆಗೆ ನೀನೇ ಹೇಳಬೇಕು ಅಂದೆ. ಹೇಳುತ್ತೇನೆ ಅಂದ. ಹೇಳುವುದಿಲ್ಲ ಅಂದುಕೊಂಡೇ ನಾನು ಬಸ್ಸು ಹತ್ತಿದ್ದೆ. ಆದರೆ ಮುಂದಿನ ಭಾನುವಾರ ನಾವೆಲ್ಲ ಊಟಕ್ಕೆ ಕೂತಿದ್ದಾಗ, ಅವ್ವ ಮುದ್ದೆ ಬಡಿಸುತ್ತಿದ್ದಾಗ, ಅಪ್ಪ ತಟ್ಟೆ ನೋಡಿಕೊಂಡೇ ಎಲ್ಲವನ್ನೂ ಹೇಳಿದ. ಅವ್ವ ಕೈಯಲ್ಲಿ ಮುದ್ದೆ ಹಿಡಿದು ನಿಂತಲ್ಲೇ ನಿಂತಳು.

ಅತ್ತೆ ಒಂದೇ ಪ್ರಶ್ನೆ ಕೇಳಿದಳು. "ಹುತ್ತಕ್ಕೆ ಮುಂಚೆ?"

"ಮುಂಚೆ."

ಅತ್ತೆ ಮುದ್ದೆ ಮುರಿದು ಸಾರಿಗೆ ಅದ್ದಿದಳು. ಬಾಯಿಗೆ ಇಡಲಿಲ್ಲ. "ನಾನು ಎಷ್ಟು ಷಷ್ಠಿ ಉಪವಾಸ ಮಾಡ್ದೆ ಅಣ್ಣ" ಅಂದಳು. ದನಿ ಏರಲಿಲ್ಲ. "ಸಾಯೋವಾಗ ಅಮ್ಮ ನನ್ನ ಕೈ ಹಿಡ್ಕೊಂಡು, ನಿನ್ನ ಪಾಪಕ್ಕೆ ನಾನು ಏನೂ ಮಾಡಕ್ಕಾಗ್ಲಿಲ್ಲ ಅಂತ ಅತ್ತಳು. ನೀನೂ ಅಲ್ಲೇ ನಿಂತಿದ್ದೆ."

ಅತ್ತೆ ಕೈ ತೊಳೆದು ಎದ್ದಳು. ಆ ವಾರದೊಳಗೆ ತನ್ನ ಬಟ್ಟೆಬರೆ ಕಟ್ಟಿಕೊಂಡು ದೊಡ್ಡಬಳ್ಳಾಪುರಕ್ಕೆ ಬಂದುಬಿಟ್ಟಳು. ನಮ್ಮ ಮನೆಯಲ್ಲಿರು ಅಂದರೆ ಕೇಳಲಿಲ್ಲ. ಮಗ್ಗದ ಬೀದಿಯೊಂದರಲ್ಲಿ ಒಂದು ಕೋಣೆ ಹಿಡಿದಳು. ಹಗಲೆಲ್ಲ ಮಗ್ಗಗಳ ಸದ್ದಿಗೆ ಗೋಡೆ ಅದುರುವ ಕೋಣೆ. ಯಾರ ಮಾತೂ ಕೇಳಿಸಲ್ಲ, ಅದೇ ಚೆನ್ನಾಗೈತೆ ಅನ್ನುತ್ತಿದ್ದಳು. ಅಪ್ಪ ಬಂದಾಗ ಬಾಗಿಲು ತೆಗೆಯಲಿಲ್ಲ. ಅವನು ಹೊರಗೆ ಮೆಟ್ಟಿಲ ಮೇಲೆ ದ್ರಾಕ್ಷಿ ಬುಟ್ಟಿ ಇಟ್ಟು ಹೋದ. ಅತ್ತೆ ಅದನ್ನು ಬೀದಿ ಮಕ್ಕಳಿಗೆ ಹಂಚಿದಳು.

ಅಷ್ಟರಲ್ಲಿ ಲ್ಯಾಬಿನಲ್ಲಿ ಕೆಲಸ ಮುಂದುವರಿದಿತ್ತು. ಎದೆಬಡಿತ ಸರಿಪಡಿಸಲು ಹೃದಯದ ಡಾಕ್ಟರುಗಳು ಕೊಡುವ ಒಂದು ಹಳೇ ಔಷಧಿಯನ್ನು ಪ್ಲೇಟುಗಳಿಗೆ ಹಾಕಿ ನೋಡಿದೆವು. ಎರಡನೆಯದರಲ್ಲಿ ಸಿಡಿತ ಅರ್ಧಕ್ಕರ್ಧ ಇಳಿಯಿತು. ಮೂರನೆಯದರಲ್ಲಿ ಸ್ವಲ್ಪ ಮಾತ್ರ. ಯಾಕೆ ಅಂತ ಈಗಲೂ ತಿಳಿದಿಲ್ಲ. ನರರೋಗದ ಡಾಕ್ಟರು ಹೃದಯ ಪರೀಕ್ಷೆ ಮಾಡಿಸಿ, ಹುಷಾರಾಗಿ, ಅದೇ ಔಷಧಿಯನ್ನು ಅತ್ತೆಗೆ ಶುರುಮಾಡಿದರು. ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ನಾನು ಹೋದಾಗ ಅತ್ತೆ ಸ್ಟವ್ ಮುಂದೆ ನಿಂತು ರೊಟ್ಟಿ ತಟ್ಟುತ್ತಿದ್ದಳು. ನಿಂತು! ಉರಿ ಪೂರ್ತಿ ಹೋಗಿರಲಿಲ್ಲ. "ಪಕ್ಕದ ಮನೇಲಿ ಉರಿಯೋ ಹಂಗೈತೆ ಕಣೆ" ಅಂದಳು. ಎದುರಿನ ಮಗ್ಗದ ಮನೆಯಲ್ಲಿ ನೂಲು ಸುತ್ತುವ ಕೆಲಸಕ್ಕೂ ಸೇರಿದಳು.

ಅದೇ ಡಾಕ್ಟರ ಹತ್ತಿರ ಬಾ ಅಂತ ಅಪ್ಪನನ್ನು ಕರೆದು ಕರೆದು ಸಾಕಾಯಿತು. ಅವಳಿಗೆ ಕೊಡಿ, ನನಗೆ ಬೇಡ ಅನ್ನುತ್ತಿದ್ದ. ಗುಟ್ಟು ಹೊರಬಿದ್ದ ಮೇಲೆ ಅವನ ಉರಿ ಹೆಚ್ಚಾಯಿತೋ, ಮುಚ್ಚಿಡುವುದನ್ನು ಬಿಟ್ಟನೋ, ಹಗಲಿಡೀ ತೊಟ್ಟಿಯಲ್ಲಿ ಕಾಲಿಟ್ಟುಕೊಂಡು ಕೂರತೊಡಗಿದ. ಯಾವಾಗಲೂ ನೀರಲ್ಲಿದ್ದ ಚರ್ಮ ಬಿಳಿಚಿ, ಬಿರಿದು, ಬೆರಳ ಸಂದಿಯಲ್ಲಿ ಹುಣ್ಣಾಯಿತು. ನೀರು ಬಿಡಬೇಕು ಅಂತ ಅವ್ವ ಅತ್ತಳು, ನಾನು ಜಗಳವಾಡಿದೆ. "ಹುಣ್ಣಿನ ನೋವು ತಡೀತೀನಿ, ಉರಿ ತಡಿಯಕ್ಕಾಗಲ್ಲ" ಅಂದ. ಮಳೆಗಾಲದಲ್ಲಿ ಹುಣ್ಣು ಕೀವಾಗಿ, ಜ್ವರ ಬಂದು, ಕಾಲು ಮೊಣಕಾಲವರೆಗೆ ಊದಿತು. ಆಸ್ಪತ್ರೆಗೆ ಸೇರಿಸಿದೆವು. ಎಡಗಾಲಿನ ಬೆರಳುಗಳನ್ನು ತೆಗೆಯಬೇಕಾಯಿತು. ಇನ್ನೂ ಮೇಲಕ್ಕೆ ಹೋದರೆ ಪಾದವೇ ಹೋಗಬಹುದು ಅಂದರು.

ನಾನು ಅತ್ತೆಗೆ ಸುದ್ದಿ ಮುಟ್ಟಿಸಿದೆ, ಬಾ ಅನ್ನಲಿಲ್ಲ. ಮರುದಿನ ಮಧ್ಯಾಹ್ನ ಅವಳು ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು. ನೂಲಿನ ಎಳೆಗಳು ಇನ್ನೂ ಸೀರೆಗೆ ಅಂಟಿಕೊಂಡಿದ್ದವು. ಅಪ್ಪ ಜ್ವರದಲ್ಲಿ ಕಣ್ಣು ಮುಚ್ಚಿ ಮಲಗಿದ್ದ. ಒಬ್ಬ ನರ್ಸ್ ಬಂದು, ಚಳಿಯಾಗುತ್ತೆ ಅಂತ ಅವನ ಕಾಲಿನ ಮೇಲೆ ಕಂಬಳಿ ಎಳೆದಳು. ಅಪ್ಪ ಹಲ್ಲು ಕಚ್ಚಿದ್ದು ನನಗೂ ಕಾಣಿಸಿತು. ಅತ್ತೆ ದಡದಡ ಬಂದು ಕಂಬಳಿಯನ್ನು ಕಿತ್ತು ಪಕ್ಕಕ್ಕೆ ಹಾಕಿದಳು.

"ಹೊದಿಸ್ಬೇಡಿ ತಾಯಿ" ಅಂದಳು. ಇಡೀ ವಾರ್ಡಿಗೆ ಕೇಳಿಸುವಷ್ಟು ಜೋರಾಗಿ. "ಅವನಿಗೆ ಕಾಲು ಉರೀತದೆ. ಚಿಕ್ಕೋನಿದ್ದಾಗಿಂದ ಉರೀತದೆ."

ಅಪ್ಪ ಕಣ್ಣು ಬಿಟ್ಟು ಅವಳನ್ನು ನೋಡಿ ಮತ್ತೆ ಮುಚ್ಚಿಕೊಂಡ. ಕಣ್ಣಿನ ಮೂಲೆಯಿಂದ ನೀರು ಕಿವಿಯ ಕಡೆ ಇಳಿಯಿತು. ಅತ್ತೆ ಕುರ್ಚಿ ಎಳೆದುಕೊಂಡು ಕಾಲ ಬಳಿ ಕೂತಳು. ಒಂದು ಹಳೇ ಕ್ಯಾಲೆಂಡರಿನ ರಟ್ಟು ಎಲ್ಲಿಂದಲೋ ಸಿಕ್ಕಿತ್ತು, ಅದರಲ್ಲಿ ಗಾಳಿ ಬೀಸುತ್ತಿದ್ದಳು. ಅವನ ಜೊತೆ ಅವಳು ಒಂದು ಮಾತೂ ಆಡಲಿಲ್ಲ. ಅವತ್ತೂ ಇಲ್ಲ, ಅವನು ಊರಿಗೆ ಹೋಗುವವರೆಗೂ ಇಲ್ಲ. ಆದರೆ ದಿನವೂ ಬಂದಳು.

ಅಪ್ಪ ಈಗ ಔಷಧಿ ತೆಗೆದುಕೊಳ್ಳುತ್ತಾನೆ. ಅವನ ಹೃದಯಕ್ಕೆ ಪೂರ್ತಿ ಪ್ರಮಾಣ ಒಗ್ಗುವುದಿಲ್ಲ, ಹಾಗಾಗಿ ಗುಣವೂ ಅಷ್ಟಕ್ಕಷ್ಟೆ. ಕೋಲೂರಿ ನಡೆಯುತ್ತಾನೆ. ಅತ್ತೆ ಊರಿಗೆ ವಾಪಸಾಗಲಿಲ್ಲ. ಹಬ್ಬಕ್ಕೆ ಬಂದು ಊಟ ಮಾಡಿ ಸಂಜೆಯ ಬಸ್ಸಿಗೆ ಹೋಗುತ್ತಾಳೆ. ಷಷ್ಠಿ ಉಪವಾಸ ಬಿಟ್ಟಿದ್ದಾಳೆ.

ನನ್ನ ಮಗಳ ರಕ್ತವನ್ನೂ ನೋಡಬೇಕೆ ಅಂತ ನನ್ನ ಗಂಡ ಒಮ್ಮೆ ಕೇಳಿದರು. ಮೇಡಂ ತಾವಾಗಿಯೇ ಬೇಡ ಅಂದರು: ಅವಳು ದೊಡ್ಡವಳಾಗಿ, ತಿಳಿಯಬೇಕೋ ಬೇಡವೋ ಅಂತ ಅವಳೇ ಹೇಳಲಿ. ನಾನೂ ಅದನ್ನೇ ಅಂದುಕೊಂಡಿದ್ದೆ. ಆದರೂ ಅವಳು ಆಟದ ನಡುವೆ ಸುಮ್ಮನಾದರೆ ನನ್ನ ಕೈಕೆಲಸ ನಿಲ್ಲುತ್ತದೆ. ಮಕ್ಕಳು ಸುಮ್ಮನಾಗುವುದಕ್ಕೆ ನೂರು ಕಾರಣಗಳಿರುತ್ತವೆ. ಸ್ವಲ್ಪ ಹೊತ್ತಿಗೆ ಅವಳು ಮತ್ತೆ ಮಾತು ಶುರುಮಾಡುತ್ತಾಳೆ, ನಾನು ಮತ್ತೆ ಪಾತ್ರೆ ತಿಕ್ಕುತ್ತೇನೆ.

ಮೂರನೇ ಪ್ಲೇಟಿನ ಕೋಶಗಳನ್ನು ಲ್ಯಾಬಿನಿಂದ ತೆಗೆಸಿಹಾಕುವ ಹಕ್ಕು ನನಗಿತ್ತು. ತೆಗೆಸಲಿಲ್ಲ. ಉರಿಯದ ಮೈಯೊಳಗಿನ ಉರಿಯುವ ನರ ಅಂತ ಅದರ ಮೇಲೆ ಈಗ ಎಲ್ಲರಿಗೂ ಹೆಚ್ಚು ಆಸಕ್ತಿ. ಮೈಯಲ್ಲಿ ಅದನ್ನು ತಡೆದಿಟ್ಟಿರುವುದು ಏನು ಅಂತ ಗೊತ್ತಾದರೆ ಅದೇ ಔಷಧಿಯಾದೀತು ಅನ್ನುತ್ತಾರೆ ಮೇಡಂ. ಕಾಯಿಸುವ ಕೆಲಸ ಈಗ ಬೇರೆಯವರದು. ಬಾಗಿಲು ತೆರೆದಿದ್ದರೆ ನನ್ನ ಮೇಜಿನವರೆಗೂ ಸದ್ದು ಕೇಳುತ್ತದೆ.

ಹೋದ ತಿಂಗಳು ಒಂದು ಸಂಜೆ ಕಂಪನಿಯ ಬಸ್ಸಿನಲ್ಲಿ ಬರುತ್ತಿದ್ದೆ. ಬಿಸಿಲು ಇಳಿದಿರಲಿಲ್ಲ. ನನಗೆ ಸಿಕ್ಕಿದ್ದು ಮುಂದಿನ ಸೀಟು, ಇಂಜಿನ್ ಪಕ್ಕದ್ದು. ರಾಜಾನುಕುಂಟೆ ತಿರುವು ದಾಟುವ ಹೊತ್ತಿಗೆ ಶೂ ಬಿಚ್ಚಿ ಕಾಲು ಹೊರತೆಗೆದೆ. ಪಕ್ಕದಲ್ಲಿ ಕೂತ ಹುಡುಗಿ, "ಇಂಜಿನ್ ಬಿಸಿ ಅಲ್ವಾ ಮೇಡಂ? ಈ ಸೀಟಲ್ಲಿ ಕೂರೋಕೇ ಆಗಲ್ಲ" ಅಂದಳು. ಹೌದು ಅಂದೆ. ಅವಳೂ ಚಪ್ಪಲಿ ಬಿಟ್ಟು ಕಾಲು ಮೇಲೆತ್ತಿಕೊಂಡಿದ್ದಳು. ಮುಂದೆ ಒಂದಿಬ್ಬರು ಇಳಿದು ಹಿಂದಿನ ಸೀಟು ಖಾಲಿಯಾಯಿತು. ಶೂ ಕೈಯಲ್ಲಿ ಹಿಡಿದು ಅಲ್ಲಿಗೆ ಹೋಗಿ ಕೂತೆ. ಕಿಟಕಿ ತೆರೆದಿತ್ತು, ಗಾಳಿ ಚೆನ್ನಾಗಿತ್ತು. ಪಾದವನ್ನು ಬಗ್ಗಿ ನೋಡಲಿಲ್ಲ.

ನನ್ನ ಸ್ಟಾಪ್ ಬಂದಾಗ ಎಲ್ಲರೂ ಇಳಿದ ಮೇಲೆ ಇಳಿದೆ. ಹೊಂಗೆ ಮರದ ಕೆಳಗೆ ನೆರಳಿನಲ್ಲಿ ಒಂದು ಚಪ್ಪಡಿ ಕಲ್ಲಿದೆ. ಶೂ ಹಾಕಿಕೊಳ್ಳದೆ ಅದರ ಮೇಲೆ ಸ್ವಲ್ಪ ಹೊತ್ತು ನಿಂತೆ. ಕಲ್ಲು ತಣ್ಣಗಿತ್ತು. ಮನೆಯಿಂದ ಮಗಳು ಫೋನ್ ಮಾಡಿ, "ಎಲ್ಲಿದೀಯಮ್ಮ, ಬಸ್ಸು ಹೋಗಿದ್ದು ನಾನು ನೋಡ್ದೆ" ಅಂದಳು.

"ಬಂದೆ ಕಂದಾ" ಅಂದೆ. ಆದರೂ ಕಲ್ಲು ಬಿಟ್ಟು ಇಳಿಯಲು ಸ್ವಲ್ಪ ಹೊತ್ತಾಯಿತು.